ದೇವರಿಗೆ ‘ನೀನು’ ಎನ್ನುವ ಮಾತು

ಮಕ್ಕಳೇ, ದೇವರಿಗೆ ಕೈಮುಗಿದಾಗ ‘ನೀವು ಕಾಪಾಡಿ’ ಎನ್ನುತ್ತೀರೋ, ‘ನೀನು ಕಾಪಾಡು’ ಎನ್ನುತ್ತೀರೋ? ಮೇಷ್ಟರಿಗೆ ‘ನೀವು’; ಅಮ್ಮನಿಗೂ ದೇವರಿಗೂ ‘ನೀನು’. ಯಾರೂ ಪಾಠ ಮಾಡದೆಯೇ ಇದು ನಮಗೆ ಬಂದಿದೆ.

ನಮ್ಮದು ಸಿ.ಎಸ್.ಐ. ಸಭೆ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ಆದದ್ದು. ಅಮೆರಿಕದಲ್ಲಿ ಮಗಳ ಮನೆಗೆ ಹೋದಾಗ, ಅದೇ ಬಳಗದ ಎಪಿಸ್ಕೋಪಲ್ ಸಭೆಗೆ ಹೋಗುತ್ತಿದ್ದೆವು. ಬಿಷಪ್ಪರ ಮೇಲ್ವಿಚಾರಣೆಯಲ್ಲಿ ನಡೆಯುವ ಸಭೆ ಎಂದು ಆ ಹೆಸರಿನ ಅರ್ಥ.

ಅಲ್ಲಿ ಭಾನುವಾರ ಎರಡು ಆರಾಧನೆ. ಹತ್ತೂವರೆಯದರಲ್ಲಿ ಆರ್ಗನ್, ಹಾಡು, ಮಕ್ಕಳ ಗಲಾಟೆ. ಬೆಳಿಗ್ಗೆ ಎಂಟರದರಲ್ಲಿ ಹಾಡಿಲ್ಲ. ಹನ್ನೆರಡು ಮಂದಿ ಅಜ್ಜ ಅಜ್ಜಿಯರು ಮೊಣಕಾಲೂರಿ ಹಳೆಯ ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಾರೆ. ದೇವರಿಗೆ ‘ಯೂ’ ಎನ್ನುವುದಿಲ್ಲ, ‘ದೌ’ ಎನ್ನುತ್ತಾರೆ. ಜನ ಇಷ್ಟು ಕಡಿಮೆಯಾದ ಮೇಲೆ ಎಂಟರ ಆರಾಧನೆ ನಿಲ್ಲಿಸಿದರೇನು ಎಂಬ ಮಾತು ಆಗಲೇ ಎದ್ದಿತ್ತು.

“ಅಜ್ಜಿ, ದೇವರಿಗೆ ಈಗಿನ ಇಂಗ್ಲಿಷ್ ಬರಲ್ವಾ?” ಎಂದಳು ಮೊಮ್ಮಗಳು.

ನಗು ಬಂದರೂ ಪ್ರಶ್ನೆ ಸಣ್ಣದಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಆರಾಧನೆ ಲ್ಯಾಟಿನ್ನಿನಲ್ಲಿತ್ತು, ಸಾಮಾನ್ಯರಿಗೆ ಅರ್ಥವಾಗುತ್ತಿರಲಿಲ್ಲ. ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಅವರ ಮುಂದಾಳತ್ವದಲ್ಲಿ 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬಂತು. ಇಂದು ಹಳತೆನಿಸುವ ಆ ನುಡಿ ಅಂದು ಹೊಸತು! ಅದು ಬೇಡವೆಂದು ಡೆವನ್, ಕಾರ್ನ್‌ವಾಲ್ ಸೀಮೆಯ ಜನ ದಂಗೆಯನ್ನೇ ಎದ್ದರು. ಸ್ವತಂತ್ರ ಅಮೆರಿಕದ ಸಭೆ 1789ರಲ್ಲಿ ತನ್ನದೇ ಪುಸ್ತಕ ಮಾಡಿಕೊಂಡಿತು. ಇಂಗ್ಲೆಂಡಿನ ರಾಜನಿಗಾಗಿ ಇದ್ದ ಪ್ರಾರ್ಥನೆಯ ಜಾಗಕ್ಕೆ ಅಧ್ಯಕ್ಷರಿಗಾಗಿ ಪ್ರಾರ್ಥನೆ ಬಂತು. 1979ರ ಪುಸ್ತಕದಲ್ಲಿ ಹಳೆಯ ನುಡಿ, ಈಗಿನ ನುಡಿ ಎರಡರಲ್ಲೂ ಆರಾಧನೆಯ ಕ್ರಮಗಳಿವೆ. ಆಗಿನ ಬದಲಾವಣೆಗಳನ್ನು ಒಪ್ಪದ ಕೆಲವರು ಬೇರೆಯಾಗಿ, 1928ರ ಪುಸ್ತಕವನ್ನೇ ಇಟ್ಟುಕೊಂಡರು.

‘ದೌ’ ಎಂಬುದು ಒಂದು ಕಾಲದಲ್ಲಿ ಮನೆಮಾತು. ಮಗುವಿಗೆ, ಗೆಳೆಯನಿಗೆ ಹೇಳುವ ‘ನೀನು’. ‘ಯೂ’ ಎಂದರೆ ‘ನೀವು’. ಬರಬರುತ್ತಾ ಎಲ್ಲರಿಗೂ ‘ಯೂ’ ಎನ್ನತೊಡಗಿದರು. ‘ದೌ’ ಪ್ರಾರ್ಥನೆಯಲ್ಲಿ ಉಳಿಯಿತು. ಹತ್ತಿರದ ಮಾತು ಈಗ ದೂರದ, ಗೌರವದ ಮಾತಿನಂತೆ ಕೇಳಿಸುತ್ತದೆ.

“ನೀನು ಅಮ್ಮನನ್ನು ಕರೆಯೋ ಹಾಗೇ ಕಣೇ,” ಎಂದೆ. ಕನ್ನಡದ ಹುಡುಗಿ, ತಕ್ಷಣ ತಿಳಿಯಿತು. ಆರಾಧನೆಯ ನಂತರ ಕಾಫಿ ಕುಡಿಯುವಾಗ ಪಕ್ಕದ ಅಜ್ಜಿಗೂ ಹೇಳಿದಳು. ಅವರು ಲೋಟ ಕೆಳಗಿಟ್ಟು, “ಇಷ್ಟು ವರ್ಷ ರಾಜನ ಮುಂದೆ ನಿಂತ ಹಾಗೆ ಹೇಳುತ್ತಿದ್ದೆನಲ್ಲ!” ಎಂದರು.

ಆಮೇಲೆ ಮೊಮ್ಮಗಳು ಆಕಳಿಸುತ್ತಲೇ ಕೆಲವು ಭಾನುವಾರ ಎಂಟಕ್ಕೆ ಬಂದಳು. ನಾನು ಊರಿಗೆ ಹೊರಡುವವರೆಗೂ ಆ ಆರಾಧನೆಯ ವಿಷಯ ತೀರ್ಮಾನವಾಗಿರಲಿಲ್ಲ.

ಅಜ್ಜ ಅಜ್ಜಿಯರೇ, ಯಾವ ಧರ್ಮದ ಮನೆಯಾದರೂ ಸರಿ, ಬಾಯಿಪಾಠ ಮಾಡಿಸುವ ಪ್ರಾರ್ಥನೆಯ ಅರ್ಥವನ್ನೂ ಮಕ್ಕಳಿಗೆ ಹೇಳೋಣ. ಮಕ್ಕಳೇ, ಅವರು ಮರೆತರೆ ನೀವೇ ಕೇಳಿ. ಅರ್ಥ ತಿಳಿದ ಮಾತನ್ನು ಉಳಿಸಿಕೊಳ್ಳಲು ಯಾರೂ ಬಲವಂತ ಮಾಡಬೇಕಾಗುವುದಿಲ್ಲ.