ಚಿರಂಜೀವಿಯ ಮರಣ

ರಂಗದ ಮೇಲೆ ವಧೆಯನ್ನು ತೋರಿಸಕೂಡದೆಂದು ದಶರೂಪಕದಲ್ಲಿ ಧನಂಜಯನು ವಿಧಿಸಿದ್ದಾನೆ. ಯುದ್ಧ, ದೂರಪ್ರಯಾಣ, ಭೋಜನ, ಸ್ನಾನಗಳಿಗೂ ಅಲ್ಲಿ ನಿಷೇಧವುಂಟು. ಈ ವಿಧಿಗಳನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದ ವೃದ್ಧ ಶಾಸ್ತ್ರಿಗಳೊಬ್ಬರು, ಬಿ. ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' ನಾಟಕದ ಪ್ರಯೋಗಕ್ಕೆ ಬರಲಾರೆನೆಂದು ಹಟ ಹಿಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ. 1929ರಲ್ಲಿ ಪ್ರಕಟವಾದ ಈ ಕೃತಿಯು ಗ್ರೀಕರ ಸೊಫೋಕ್ಲೀಸ್ ಕವಿಯ 'ಏಜಾಕ್ಸ್' ರುದ್ರನಾಟಕವನ್ನು ಭಾರತಕಥೆಗೆ ಅಳವಡಿಸಿದುದು. ಅಲ್ಲಿಯ ವೀರನಂತೆ ಇಲ್ಲಿಯ ಅಶ್ವತ್ಥಾಮನೂ ತಾನಾಗಿಯೇ ಪ್ರಾಣವನ್ನು ನೀಗುತ್ತಾನೆ.

"ಸಾವನ್ನು ತೋರಿಸುವುದು ಒಂದು ದೋಷ; ಸಾಯದವನನ್ನು ಸಾಯಿಸುವುದು ಇನ್ನೊಂದು" ಎಂದು ಶಾಸ್ತ್ರಿಗಳು ತೀರ್ಪಿತ್ತಿದ್ದರು. ಭಾಸನ ಊರುಭಂಗದಲ್ಲಿ ದುರ್ಯೋಧನನು ಪ್ರೇಕ್ಷಕರ ಕಣ್ಣೆದುರಿಗೇ ಅಸುನೀಗುವುದನ್ನು ಅವರು ಬಲ್ಲರು. ಆದರೆ ವಾದಕ್ಕೆ ಒದಗದುದನ್ನು ಮರೆಯುವ ಕಲೆ ಪಂಡಿತರಿಗೆ ಹೊಸದಲ್ಲ. ಕಡೆಗೆ, ಮೇಳದಲ್ಲಿ ಮೊಮ್ಮಗಳು ಹಾಡುವಳೆಂಬ ಒಂದೇ ಕಾರಣಕ್ಕೆ ಹೊರಟರು.

ನಾಂದಿಯಿಲ್ಲ, ಹಾರ್ಮೋನಿಯಂ ಇಲ್ಲ, ಚಿತ್ರದ ಪರದೆಯೂ ಇಲ್ಲ. ಕತ್ತಲೆಯ ನಡುವೆ ಒಂದು ಮಂದ ದೀಪ. ಅದರ ಕೆಳಗೆ ಆಯುಧದೊಡನೆ ಒಬ್ಬಂಟಿಯಾಗಿ ನಿಂತ ಗುರುಪುತ್ರ. ಆ ಗಳಿಗೆ ಬಂದಾಗ ಕಣ್ಣು ಮುಚ್ಚಿಕೊಳ್ಳಬೇಕೆಂದು ಶಾಸ್ತ್ರಿಗಳು ಮೊದಲೇ ನಿಶ್ಚಯಿಸಿದ್ದರು. ಮುಚ್ಚಲಿಲ್ಲ. ಆತನು ಉರುಳಿದ ಮೇಲೆ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅವರಿಗೆ ನೆನಪಾದುದು ಅಲಂಕಾರಶಾಸ್ತ್ರವಲ್ಲ, ಸೌಪ್ತಿಕಪರ್ವ. ಕೀವು ನೆತ್ತರುಗಳ ದುರ್ಗಂಧವನ್ನು ಹೊತ್ತು, ಮಾತನಾಡುವವರಿಲ್ಲದೆ, ಮೂರು ಸಾವಿರ ವರ್ಷ ನಿರ್ಜನ ಪ್ರದೇಶಗಳಲ್ಲಿ ಅಲೆಯೆಂದು ಶ್ರೀಕೃಷ್ಣನು ಶಪಿಸಿದುದು ಇವನನ್ನೇ. ಬದುಕಿರುವುದೇ ಅಲ್ಲಿ ದಂಡನೆ. ವ್ಯಾಸರ ಆ ಕತ್ತಲೆಯ ಮುಂದೆ ಈ ರಂಗದ ಕತ್ತಲೆ ಎಷ್ಟು ಮಾತ್ರದ್ದು?

ಪ್ರತಿ ವರ್ಧಂತಿಯ ದಿನವೂ ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಅಂಗೈಯಲ್ಲಿ ಹಿಡಿದು, ದೀರ್ಘಾಯುಸ್ಸಿಗಾಗಿ ಏಳು ಚಿರಂಜೀವಿಗಳನ್ನು ಅವರು ಸ್ಮರಿಸುತ್ತ ಬಂದವರು. ಆ ಶ್ಲೋಕದಲ್ಲಿ ಮೊದಲು ಬರುವ ಹೆಸರೇ ಅಶ್ವತ್ಥಾಮನದು. ಪ್ರಾರ್ಥನೆ ಫಲಿಸಿ ಎಂಬತ್ತೊಂದು ತುಂಬಿತ್ತು. ಗೃಹಿಣಿ ತೀರಿಕೊಂಡು ಏಳು ವರ್ಷ, ತಮ್ಮಂದಿರಿಬ್ಬರೂ ಹೋದರು, ಪಾಠಶಾಲೆಯ ಸಹಪಾಠಿಗಳಲ್ಲಿ ಈಗ ಒಬ್ಬರೂ ಇಲ್ಲ.

ಹಿಂದಿರುಗುವಾಗ ಮೊಮ್ಮಗಳು, "ತಾತ, ನಿಮಗೆ ಬೇಸರವಾಯಿತೆ?" ಎಂದು ಅಂಜುತ್ತ ಕೇಳಿದಳು.

"ಶಾಸ್ತ್ರಕ್ಕೆ ವಿರುದ್ಧವೇ, ಮಗು" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಆದರೂ ಶ್ರೀಯವರು ಅವನಲ್ಲಿ ಕರುಣೆ ತೋರಿದ್ದಾರೆ" ಎಂದರು.

ಮರುದಿನ ಆ ಪುಸ್ತಕವನ್ನು ತರಿಸಿಕೊಂಡು, ಪಕ್ಕದಲ್ಲಿ ಸೌಪ್ತಿಕಪರ್ವವನ್ನು ತೆರೆದಿಟ್ಟು, ಎರಡನ್ನೂ ಓದಿದರು. ಮುಂದಿನ ವರ್ಧಂತಿಯಂದು ಶ್ಲೋಕದ ಮೊದಲ ಹೆಸರಿನಲ್ಲಿ ಅವರ ಸ್ವರ ಕೊಂಚ ತಡೆಯಿತು. ಹಾಲನ್ನು ಮಾತ್ರ ಎಂದಿನಂತೆ ಕುಡಿದರು.