ಹಳೆಯ ಚಿತ್ರದ ರೈಲು ಬೋಗಿ

ನಿಮ್ಮ ಮನೆಯ ಹಳೆಯ ಟ್ರಂಕನ್ನು ತೆರೆದು ನೋಡಿದರೆ, ರೈಲು ಬೋಗಿಯ ಮುಂದೆ ನಿಂತ ಯಾರೋ ಹಿರಿಯರ ಕಪ್ಪುಬಿಳುಪು ಚಿತ್ರವೊಂದು ಸಿಕ್ಕೀತು. ನಾವು ಆ ಮುಖವನ್ನಷ್ಟೇ ನೋಡಿ ಚಿತ್ರವನ್ನು ಮತ್ತೆ ಒಳಗಿಡುತ್ತೇವೆ. ಹಿಂದೆ ನಿಂತಿರುವ ಬೋಗಿಗೂ ಹೇಳಲು ಮಾತಿದೆ ಎಂಬುದು ನಮಗೆ ಹೊಳೆಯುವುದಿಲ್ಲ. ಆ ಮಾತನ್ನು ಕೇಳಿಸಿಕೊಳ್ಳುವ ಬಗೆಯನ್ನೂ, ಅದರಿಂದ ನಮ್ಮ ಮನೆಯಲ್ಲಿ ಆದ ಒಂದು ಸಂಗತಿಯನ್ನೂ ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ನಮ್ಮ ಉಡುತಡಿಯ ಸೀಮೆಗೆ, ಅಂದರೆ ಶಿಕಾರಿಪುರ ಮತ್ತು ಸೊರಬದ ಕಡೆಗೆ, ಬ್ರಿಟಿಷರ ಕಾಲದಲ್ಲಿ ರೈಲು ಬರಲಿಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಮೀಟರ್‌ಗೇಜ್ ಹಳಿ ಬಂದಿತು. ಅದು ಮುಂದುವರಿದು, ಆನಂದಪುರ, ಸಾಗರಗಳನ್ನು ದಾಟಿ ತಾಳಗುಪ್ಪವನ್ನು ಮುಟ್ಟಿದ್ದು 1940ರಲ್ಲಿ. ಆದ್ದರಿಂದ ನಮ್ಮ ಹಿರಿಯರಿಗೆ ರೈಲು ಹತ್ತುವುದೆಂದರೆ ಮೊದಲು ಎತ್ತಿನ ಗಾಡಿಯಲ್ಲೋ ಬಸ್ಸಿನಲ್ಲೋ ಬಹುದೂರ ಸಾಗುವುದು. ಹೊರಟವರು ಎಂದು ಮರಳುವರೋ ಎಂಬ ಅಳುಕು. ಚಿತ್ರ ತೆಗೆಸಿಕೊಳ್ಳುವುದಕ್ಕೆ ಅದಕ್ಕಿಂತ ತಕ್ಕ ಸಂದರ್ಭ ಇನ್ನೊಂದಿರಲಿಲ್ಲ.

ಬೋಗಿಯನ್ನು ಗುರುತಿಸಲು ಮೊದಲು ನೋಡಬೇಕಾದದ್ದು ಅದರ ತುದಿಯನ್ನು. ಎಡಕ್ಕೊಂದು ಬಲಕ್ಕೊಂದು ಎಂದು ಎರಡು ದುಂಡು ಬಫರುಗಳಿದ್ದರೆ ಅದು ಬ್ರಾಡ್‌ಗೇಜ್ ಬೋಗಿ; ಅಲ್ಲಿ ಹಳಿಗಳ ನಡುವಣ ಅಂತರ 1676 ಮಿಲಿಮೀಟರ್. ನಟ್ಟನಡುವೆ ಒಂದೇ ಬಫರಿದ್ದು, ಕೊಂಡಿಯೂ ಅದರೊಡನೆಯೇ ಇದ್ದರೆ ಅದು ಸಾಮಾನ್ಯವಾಗಿ ಮೀಟರ್‌ಗೇಜ್. ಅಲ್ಲಿ ಅಂತರ 1000 ಮಿಲಿಮೀಟರ್. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದಂಥ ಕಿರಿಯ ಹಳಿಗಳ ಗಾಡಿಗಳಿಗೂ ನಡುವೆಯೇ ಕೊಂಡಿಯಿತ್ತಾದರೂ, ಅವುಗಳ ಮೈ ಇನ್ನೂ ಚಿಕ್ಕದು; ಪಕ್ಕದಲ್ಲಿ ನಿಂತ ಮನುಷ್ಯನ ಎತ್ತರದೊಡನೆ ಹೋಲಿಸಿದರೆ ತಿಳಿಯುತ್ತದೆ.

ಎರಡನೆಯದಾಗಿ ಬೆಳಕಿನ ಏರ್ಪಾಡು. ಚಾವಣಿಯ ಮೇಲೆ ಸಾಲಾಗಿ ದುಂಡು ಮುಚ್ಚಳಗಳಿದ್ದರೆ ಒಳಗೆ ಎಣ್ಣೆಯ ದೀಪಗಳಿದ್ದುವೆಂದು ಊಹಿಸಬಹುದು. ದೀಪವನ್ನು ಮೇಲಿನಿಂದಲೇ ಇಳಿಬಿಡುತ್ತಿದ್ದರು. ಬೋಗಿಯ ಅಡಿಯಲ್ಲಿ ಉದ್ದನೆಯ ಉರುಳೆಯಿದ್ದರೆ ಅದು ದೀಪದ ಗ್ಯಾಸಿನದಾಗಿರಬಹುದು. ಅಚ್ಚಿನಿಂದ ಡೈನಮೋಗೆ ಹೋಗುವ ಪಟ್ಟಿಯೂ ಬ್ಯಾಟರಿಯ ಪೆಟ್ಟಿಗೆಯೂ ಕಂಡರೆ ವಿದ್ಯುತ್ ದೀಪ ಬಂದಿತ್ತೆಂದು ತಿಳಿಯಬೇಕು. ಬಣ್ಣವನ್ನು ಮಾತ್ರ ನಂಬಬಾರದು. ಆ ಕಾಲದ ಅನೇಕ ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲವಾದ್ದರಿಂದ, ಕೆಂಪು ಬೋಗಿಯೂ ಚಿತ್ರದಲ್ಲಿ ಕಪ್ಪಾಗಿಯೇ ಮೂಡುತ್ತಿತ್ತು.

ಮೂರನೆಯದು ಮೈಮೇಲಿನ ಅಕ್ಷರಗಳು. ಬಾಗಿಲ ಮೇಲಿನ ಮೂರು ಗೆರೆಗಳ ರೋಮನ್ ಅಂಕಿ ಮೂರನೆಯ ದರ್ಜೆಯ ಗುರುತು. ನಮ್ಮ ದೇಶದಲ್ಲಿ ಆ ದರ್ಜೆಯನ್ನು 1974ರಲ್ಲಿ ತೆಗೆದುಹಾಕಿದರು. ರೈಲಿನ ಒಡೆಯರು ಯಾರೆಂಬುದನ್ನು ಇಂಗ್ಲಿಷಿನ ಮೊದಲಕ್ಷರಗಳು ಹೇಳುತ್ತವೆ. ಎಸ್.ಎಂ.ಆರ್. ಎಂದರೆ 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡಿತು. ಎಂ.ಎಸ್.ಆರ್. ಎಂದರೆ ಮೈಸೂರು ಸ್ಟೇಟ್ ರೈಲ್ವೆ. ಬರಿಯ ಎಸ್.ಆರ್. ಎಂದಿದ್ದರೆ 1951ರ ಏಪ್ರಿಲ್ 14ರಂದು ಹುಟ್ಟಿದ ದಕ್ಷಿಣ ರೈಲ್ವೆ. ಇಂಗ್ಲೆಂಡಿನಲ್ಲಿಯೂ 1923ರಿಂದ 1947ರವರೆಗೆ ಅದೇ ಹೆಸರಿನ, ಅದೇ ಎರಡಕ್ಷರದ ರೈಲ್ವೆಯೊಂದಿತ್ತು. ಆದುದರಿಂದ ಅಕ್ಷರಗಳನ್ನೊಂದೇ ನಂಬದೆ, ಉಳಿದ ಗುರುತುಗಳೊಡನೆ ತಾಳೆ ನೋಡುವುದು ಅವಶ್ಯ.

ಈಗ ನಮ್ಮ ಮನೆಯ ಸಂಗತಿಗೆ ಬರುತ್ತೇನೆ. ನನ್ನ ದೊಡ್ಡಪ್ಪ ಹರೆಯದಲ್ಲಿಯೇ ಕೆಲಸ ಹುಡುಕಿಕೊಂಡು ಬೊಂಬಾಯಿಗೆಂದು ಹೋದವರು ಮರಳಲಿಲ್ಲ. ಅವರು ಹೋದ ಕೆಲವು ವಾರಗಳ ಮೇಲೆ ಅಂಚೆಯಲ್ಲಿ ಒಂದು ಚಿತ್ರ ಬಂದಿತು. ಜೊತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ. ಕೋಟು ತೊಟ್ಟು, ಕೊಡೆ ಹಿಡಿದು, ರೈಲು ಬೋಗಿಯೊಂದರ ಮುಂದೆ ಅವರು ನಿಂತಿದ್ದಾರೆ. ಬೊಂಬಾಯಿಯನ್ನು ಮುಟ್ಟಿ, ಚಿತ್ರ ತೆಗೆಸಿಕೊಳ್ಳುವಷ್ಟು ಅನುಕೂಲವಾದ ಮೇಲೆಯೂ ಮನೆಯವರಿಗೆ ನಾಲ್ಕಕ್ಷರ ಬರೆಯಲಿಲ್ಲವಲ್ಲ ಎಂಬ ನೋವು ಮನೆಯಲ್ಲಿ ಉಳಿಯಿತು. ಅವರ ತಂಗಿ, ನನ್ನ ಸೋದರತ್ತೆ, ಆಗ ಹತ್ತು ವರ್ಷದ ಹುಡುಗಿ. ಚಿತ್ರವನ್ನು ಅವರು ಜೋಪಾನ ಮಾಡಿದರು, ಆದರೆ ಗೋಡೆಗೆ ತೂಗುಹಾಕಲು ಒಪ್ಪಲಿಲ್ಲ. ಸುಮಾರು ಎಪ್ಪತ್ತೈದು ವರ್ಷ ಅದು ಸೀರೆಗಳ ಅಡಿಯಲ್ಲಿಯೇ ಇತ್ತು.

ಕೆಲವು ವರ್ಷಗಳ ಹಿಂದೆ ಅತ್ತೆಯ ಅನುಮತಿ ಪಡೆದು ಆ ಚಿತ್ರವನ್ನು ಭೂತಗನ್ನಡಿಯಿಟ್ಟು ನೋಡಿದೆ. ಓರೆಯಾಗಿ ತೆಗೆದ ಚಿತ್ರವಾದ್ದರಿಂದ ಬೋಗಿಯ ತುದಿಯೂ ಕಾಣುತ್ತಿತ್ತು. ಅಲ್ಲಿದ್ದುದು ನಡುವಿನ ಒಂದೇ ಬಫರು. ಬೋಗಿಯ ಮೈ ಮೀಟರ್‌ಗೇಜಿನದು. ಬೀರೂರು, ಹುಬ್ಬಳ್ಳಿಗಳ ಮೇಲೆ ಹೋಗುತ್ತಿದ್ದ ಅಂದಿನ ಮೀಟರ್‌ಗೇಜ್ ದಾರಿ ಪುಣೆಗೆ ಮುಗಿಯುತ್ತಿತ್ತು. ಅಲ್ಲಿ ಇಳಿದು, ಬ್ರಾಡ್‌ಗೇಜ್ ಗಾಡಿ ಹತ್ತಿಯೇ ಬೊಂಬಾಯಿಯನ್ನು ಸೇರಬೇಕಾಗಿತ್ತು. ಎಂದಮೇಲೆ ಆ ಚಿತ್ರ ಬೊಂಬಾಯಿಯದಲ್ಲ.

ಅಕ್ಷರಗಳ ಪೈಕಿ ಎಸ್.ಆರ್. ಎಂಬೆರಡು ಮಾತ್ರ ಕಾಣುತ್ತಿದ್ದವು. ಅದರ ಎಡಭಾಗವನ್ನು ದೊಡ್ಡಪ್ಪನ ಭುಜ ಮರೆಮಾಡಿತ್ತು. ಮರೆಯಲ್ಲಿ ಎಂ ಇತ್ತೋ ಇಲ್ಲವೋ? ಇದ್ದರೆ ಮೈಸೂರಿನ ರೈಲು. ಇಲ್ಲದಿದ್ದರೆ 1951ರ ಅನಂತರದ ದಕ್ಷಿಣ ರೈಲ್ವೆ, ಅಂದರೆ ಅವರು ಎಂದೋ ಈ ಕಡೆಗೆ ಮರಳಿ ಬಂದು, ಮನೆಗೆ ಬಾರದೆ ಹೋದರೆಂದೂ ಅರ್ಥವಾದೀತು. ಬೋಗಿ ಇದಕ್ಕಿಂತ ಹೆಚ್ಚು ಹೇಳಲಾರದು. ಚಿತ್ರ ಮನೆಗೆ ಬಂದ ವರ್ಷವೂ ಯಾರ ನೆನಪಿನಲ್ಲಿಯೂ ಸ್ಪಷ್ಟವಾಗಿ ಉಳಿದಿರಲಿಲ್ಲ. ಕೊನೆಗೆ ಅತ್ತೆಯನ್ನೇ ಕೇಳಿದೆ. ಅವರು ಬೋಗಿಯ ಕಡೆಗೆ ಕಣ್ಣು ಹಾಯಿಸಲೇ ಇಲ್ಲ.

"ಆ ಕೊಡೆ ನಮ್ಮಪ್ಪನದು ಮಗಾ, ಹಿಡಿಕೆ ಸೀಳಿದ್ದಕ್ಕೆ ತಂತಿ ಸುತ್ತಿದಾರೆ ನೋಡು. ಅಣ್ಣನನ್ನ ರೈಲಿಗೆ ಬಿಡೋಕೆ ಹೋದಾಗ ಅಪ್ಪ ತಗೊಂಡು ಹೋಗಿದ್ದು, ವಾಪಸ್ಸು ತಂದ್ರು. ಮುಂದಿನ ಮಳೆಗಾಲಕ್ಕೆ ಕುಮುದ್ವತಿ ಹೊಳೇಲಿ ತೇಲಿಹೋಯ್ತು. ಗಾಂಧೀಜಿ ಇನ್ನೂ ಇದ್ರು ಆಗ."

ಗಾಂಧೀಜಿ ತೀರಿಕೊಂಡದ್ದು 1948ರ ಜನವರಿಯಲ್ಲಿ. ಕೊಡೆ ಅಪ್ಪನೊಡನೆ ಮನೆಗೆ ಮರಳಿತ್ತೆಂದ ಮೇಲೆ, ಅದನ್ನು ಹಿಡಿದು ದೊಡ್ಡಪ್ಪ ನಿಂತದ್ದು ಊರು ಬಿಟ್ಟ ದಿನವೇ. ಭುಜದ ಮರೆಯಲ್ಲಿದ್ದುದು ಎಂ ಅಕ್ಷರವೇ. ಹೊರಡುವ ಮುನ್ನ ಚಿತ್ರ ತೆಗೆಸಿ, ಅದನ್ನು ಮನೆಗೆ ಕಳುಹಿಸುವಂತೆ ಯಾರಿಗೋ ಹೇಳಿಹೋಗಿರಬೇಕು. ಬೊಂಬಾಯಿಯಲ್ಲಿ ಅವರಿಗೆ ಏನಾಯಿತೆಂಬುದು ಈ ಚಿತ್ರದಿಂದ ತಿಳಿಯದು. ಆದರೆ ಅವರು ಅಲ್ಲಿ ಸುಖವಾಗಿದ್ದು ನಮ್ಮನ್ನು ಮರೆತರೆಂಬುದಕ್ಕೆ ಇದ್ದ ಒಂದೇ ಒಂದು ಸಾಕ್ಷಿ ಅಂದು ಇಲ್ಲವಾಯಿತು. ಅತ್ತೆ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮಗೇ ಅಂತ ತೆಗೆಸಿಟ್ಟು ಹೋಗಿದ್ದ" ಎಂದರು. ಮರುವಾರ ಚೌಕಟ್ಟು ಹಾಕಿಸಿ ಕೊಡಲು ಹೇಳಿದರು.

ಓದುಗ ಬಂಧುಗಳೇ, ಬೋಗಿಗಳನ್ನು ಕುರಿತು ಇನ್ನಷ್ಟು ತಿಳಿಯಬಯಸುವವರು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. 1979ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ 1899ರ ಮಹಾರಾಣಿಯವರ ಬೋಗಿಯಿದೆ. ಅದರ ತುದಿ, ಚಾವಣಿ, ಅಡಿಭಾಗ ಇವುಗಳನ್ನು ಕಣ್ಣಾರೆ ನೋಡಿ ಬಂದ ಮೇಲೆ ಮನೆಯ ಚಿತ್ರಗಳು ಬೇರೆಯಾಗಿಯೇ ಕಾಣುತ್ತವೆ. ನಮ್ಮ ಸಮೀಪದ ಅರಸಾಳಿನಲ್ಲಿ, 'ಮಾಲ್ಗುಡಿ ಡೇಸ್' ಧಾರಾವಾಹಿಯ ಚಿತ್ರೀಕರಣ ನಡೆದ ಹಳೆಯ ನಿಲ್ದಾಣದ ಕಟ್ಟಡವನ್ನೂ 2020ರಲ್ಲಿ ಸಂಗ್ರಹಾಲಯವನ್ನಾಗಿ ಮಾಡಿದ್ದಾರೆ.

ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಬೋಗಿಯ ಗುರುತು ಇನ್ನು ನೂರು ವರ್ಷದ ಮೇಲೆಯೂ ಸಿಕ್ಕೀತು, ಏಕೆಂದರೆ ಅದರ ಅಳತೆ, ಹೆಸರುಗಳನ್ನು ಬರೆದಿಟ್ಟವರಿದ್ದಾರೆ. ಕೊಡೆಯ ಹಿಡಿಕೆಗೆ ಸುತ್ತಿದ ತಂತಿಯನ್ನು ಗುರುತಿಸಬಲ್ಲವರು ನಮ್ಮ ಮನೆಯಲ್ಲಿ ಇದ್ದುದು ಒಬ್ಬರೇ. ನಿಮ್ಮ ಮನೆಯಲ್ಲಿಯೂ ಅಂಥ ಹಿರಿಯರಿರಬಹುದು. ಈ ಭಾನುವಾರ ಊಟವಾದ ಮೇಲೆ ಟ್ರಂಕನ್ನು ತೆರೆಯಿರಿ, ಚಿತ್ರಗಳನ್ನು ಅವರ ಮುಂದೆ ಹರಡಿರಿ. ಯಾರು, ಎಲ್ಲಿ, ಎಂದು ಎಂಬುದನ್ನು ಕೇಳಿ, ಒಂದು ಚೀಟಿಯ ಮೇಲೆ ಬರೆದು ಚಿತ್ರದೊಡನೆ ಇರಿಸಿರಿ. ಚಿತ್ರದ ಬೆನ್ನಿಗೇ ಬರೆಯುವುದಾದರೆ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಶಾಯಿ ಮುಂದೆ ಮುಖದವರೆಗೂ ಇಳಿದೀತು.