ಕಾರಿನ ಕಿಟಕಿ ಮತ್ತು ಕಡಲ ಹಕ್ಕಿ

ಚಳಿಗಾಲ ಬಂತು ಅಂದ್ರೆ ನನಗೆ ಕಡಲ ಹುಚ್ಚು ಶುರುವಾಗುತ್ತೆ. ವಾರವಿಡೀ ಕೋಡು, ಬಗ್ಗು, ಮೀಟಿಂಗು ಅಂತ ಕುರ್ಚಿಗೆ ಅಂಟಿಕೊಂಡವನಿಗೆ ಶುಕ್ರವಾರ ರಾತ್ರಿ ಬೆಂಗಳೂರು ಬಿಡೋದೇ ಒಂದು ಬಿಡುಗಡೆ. ಸಾಗರ, ಜೋಗ ದಾಟಿ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ. ಅಲ್ಲಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದ್ರೆ ಭಟ್ಕಳ, ಅದರ ಪಕ್ಕದಲ್ಲೇ ತೆಂಗಿನಗುಂಡಿ. ಮುರ್ಡೇಶ್ವರಕ್ಕೆ ಬರೋ ಜನದಲ್ಲಿ ನೂರಕ್ಕೆ ಒಬ್ಬರೂ ಇಲ್ಲಿಗೆ ಬರಲ್ಲ. ಮೀನುಗಾರಿಕೆ ಬಂದರು, ದೋಣಿಗಳು, ಬಲೆ, ಒಣಮೀನಿನ ವಾಸನೆ, ತಲೆ ಮೇಲೆ ಸುತ್ತುವ ಗರುಡಗಳು. ನನಗೆ ಬೇಕಾದ್ದು ಇಷ್ಟೇ.

ನಮ್ಮ ಕ್ಯಾಂಪಿಂಗ್ ಏನೂ ದೊಡ್ಡದಲ್ಲ ಬಿಡಿ. ಹಳೇ ಕಾರಿನ ಹಿಂದಿನ ಸೀಟು ಮಡಚಿದ್ರೆ ಇಬ್ಬರು ಮುದುಡಿಕೊಂಡು ಮಲಗಬಹುದು. ಕಿಟಕಿಗೆ ಸೊಳ್ಳೆಪರದೆ, ಒಂದು ಸಣ್ಣ ಗ್ಯಾಸ್ ಸ್ಟೋವು, ಐದು ಕೇಜಿ ಅಕ್ಕಿ. ಪರಿಚಯದವರೊಬ್ಬರ ತೆಂಗಿನ ತೋಟದಲ್ಲಿ, ಅವರನ್ನು ಕೇಳಿಯೇ ಗಾಡಿ ನಿಲ್ಲಿಸ್ತೀವಿ. ಮೊದಲ ಸಲ ಹೋದಾಗ ಆ ಮನೆಯ ಅಜ್ಜ ಹೇಳಿದ ಮಾತು ಇವತ್ತಿಗೂ ನಮ್ಮ ನಿಯಮ: "ತಮಾ, ಗಾಡಿ ಮಾತ್ರ ಹೊಯ್ಗೆಗೆ ಇಳಿಸ್ಬೇಡ. ಹೂತ್ರೆ ಎತ್ತೂದು ನಾವೇಯ!"

ಅಜ್ಜನಿಗೆ ಗಾಡಿಯ ಚಿಂತೆ. ಆದರೆ ಮರಳಿಗೆ ಚಕ್ರ ಇಳಿಸಬಾರದು ಅನ್ನೋದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಈ ಕರಾವಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡೋಕೆ ಬರ್ತವೆ. ಹೊನ್ನಾವರದ ಕಾಸರಕೋಡ ಟೊಂಕ ಇದಕ್ಕೇ ಹೆಸರಾದ ಜಾಗ. ಒಂದು ಗೂಡಲ್ಲಿ ನೂರರ ಆಸುಪಾಸು ಮೊಟ್ಟೆ, ಮೇಲಿಂದ ನೋಡಿದ್ರೆ ಬರೀ ಮರಳು. ಸುಮಾರು 45ರಿಂದ 60 ದಿನಕ್ಕೆ ಮರಿಗಳು ಹೊರಗೆ ಬಂದು, ಎಲ್ಲಿ ಬೆಳಕು ಹೆಚ್ಚೋ ಅತ್ತ ನಡೀತವೆ. ಕತ್ತಲ ರಾತ್ರಿಯಲ್ಲಿ ಅದು ಸಮುದ್ರದ ಕಡೆಯ ಬಾನು. ಅಲ್ಲೊಂದು ಹೆಡ್‌ಲೈಟೋ ಟೆಂಟಿನ ಎಲ್‌ಇಡಿಯೋ ಉರೀತಿದ್ರೆ ದಾರಿ ಉಲ್ಟಾ. ಬೆಳಗಾಗೋ ಹೊತ್ತಿಗೆ ಕಾಗೆ, ನಾಯಿಗಳ ಪಾಲು. ಹಾಗಾಗಿ ಕತ್ತಲಾದ ಮೇಲೆ ನಮ್ಮ ಕಾರಿಂದ ದಡದ ಕಡೆಗೆ ಬೆಳಕಿಲ್ಲ.

ಈಗ ಫೋಟೋ ವಿಷ್ಯಕ್ಕೆ ಬರ್ತೀನಿ. ಹಕ್ಕಿಗಳಿಗೆ ಎರಡು ಕಾಲಿನ ಮನುಷ್ಯ ಅಂದ್ರೆ ಭಯ, ಸುಮ್ಮನೆ ನಿಂತ ಕಾರಿನ ಬಗ್ಗೆ ಅಷ್ಟಿಲ್ಲ. ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರು ಫಿಲಂ ಕಾಲದಲ್ಲಿ ಮರೆ ಕಟ್ಟಿಕೊಂಡು ಅದರೊಳಗೆ ಕಾಯುತ್ತಾ ಕೂರ್ತಿದ್ರು. ನಮಗೆ ಕಾರೇ ಮರೆ. ಅಳಿವೆ ಪಕ್ಕದ ರಸ್ತೆ ಅಂಚಲ್ಲಿ, ಸೂರ್ಯ ಬೆನ್ನಿಗೆ ಬರೋ ಹಾಗೆ ಕತ್ತಲಿರುವಾಗಲೇ ನಿಲ್ಲಿಸಬೇಕು. ಎಂಜಿನ್ ಆಫ್, ಇಲ್ಲಾಂದ್ರೆ ಅದರ ನಡುಕಕ್ಕೆ ಫೋಟೋ ಮಸುಕಾಗುತ್ತೆ. ಎಸಿ ಬೇಡವೇ ಬೇಡ, ತಣ್ಣಗಾದ ಲೆನ್ಸು ಕಡಲ ಗಾಳಿಗೆ ಬಂದ ಕೂಡಲೇ ಮಂಜು ಹಿಡಿಯುತ್ತೆ. ಕಿಟಕಿ ಮೇಲೆ ಅಕ್ಕಿ ತುಂಬಿದ ಬಟ್ಟೆ ಚೀಲ, ಅದರ ಮೇಲೆ ಲೆನ್ಸು. ಆಮೇಲೆ ಕಾಯೋದು, ಅಷ್ಟೇ.

ಕಾದ್ರೆ ಏನೇನು ಕಾಣುತ್ತೆ ಗೊತ್ತಾ? ಕಂದು ತಲೆಯ ಗಲ್ ಅಂತ ಒಂದು ಹಕ್ಕಿ. ಹೆಸರಷ್ಟೇ ಕಂದು ತಲೆ, ಇಲ್ಲಿಗೆ ಬರೋ ಹೊತ್ತಿಗೆ ತಲೆ ಬೆಳ್ಳಗಾಗಿ ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಉಳಿದಿರುತ್ತೆ. ಲಡಾಖ್, ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ನಮ್ಮ ಮೀನಿನೂರಿಗೆ ಬಂದ ಅತಿಥಿ!

ಈ ಅತಿಥಿಗಳಿಂದಾನೇ ಕಳೆದ ಸಲ ನನಗೂ ನನ್ನ ಗೆಳೆಯನಿಗೂ ಜಗಳ ಆಯ್ತು. (ಹೆಸರು ಹಾಕಬೇಡ ಅಂದಿದ್ದಾನೆ.) ಭರತದ ಹೊತ್ತು. ಗಲ್‌ಗಳು, ರೀವಗಳು, ಸಣ್ಣ ಪ್ಲೋವರ್‌ಗಳು ಎಲ್ಲ ಒಣ ಮರಳಿನ ಮೇಲೆ ಗಾಳಿಗೆ ಮುಖ ಮಾಡಿ ಕೂತಿದ್ವು. ಇವನಿಗೆ ಹಾರುವ ಫೋಟೋ ಬೇಕು. "ಲೋ, ನಾನು ಇಳಿದು ಒಂದ್ಸಲ ಕೈ ತಟ್ತೀನಿ, ನೀನು 1/2000ರಲ್ಲಿ ಹೊಡಿ" ಅಂದ. ನಾನು ಬೇಡ ಅಂದೆ. "ದಿನಾ ಇಷ್ಟು ದೋಣಿ ಓಡಾಡ್ತವೆ, ಆಗ ಹಾರಲ್ವಾ? ನನ್ನ ಒಂದು ಚಪ್ಪಾಳೆಗೆ ಏನಾಗುತ್ತೆ?"

ಪ್ರಶ್ನೆ ನ್ಯಾಯವಾದದ್ದೇ, ಅಲ್ವಾ? ನನಗೆ ತೋಚಿದ್ದು ಇಷ್ಟು. ದೋಣಿ ಬಂದಾಗ ಅವು ಮೀನಿನ ಆಸೆಗೆ ಅದರ ಕಡೆಗೇ ಹಾರ್ತವೆ. ಚಪ್ಪಾಳೆಗೆ ದೂರ ಹಾರ್ತವೆ. ಪ್ಲೋವರ್‌ಗಳು ಇಳಿತದಲ್ಲಿ ಕೆಸರು ಬಯಲಾದಾಗ, ಹಗಲಾಗಲಿ ರಾತ್ರಿಯಾಗಲಿ, ಹುಳು ಹೆಕ್ಕಿ ತಿಂತವೆ. ಭರತ ಬಂದಾಗಲೇ ಅವಕ್ಕೆ ವಿಶ್ರಾಂತಿ. ವಾಪಸ್ ಸಾವಿರಾರು ಕಿಲೋಮೀಟರ್ ಹಾರೋಕೆ ಬೇಕಾದ ಕೊಬ್ಬು ಹೀಗೆ ತಿಂದು, ಹೀಗೆ ಕೂತೇ ಕೂಡಬೇಕು. ಒಂದು ಚಪ್ಪಾಳೆ ದೊಡ್ಡದಲ್ಲ ನಿಜ. ಆದರೆ ಪ್ರತಿ ಭಾನುವಾರ ಪ್ರತಿ ಕಾರಿಂದ ಒಬ್ಬೊಬ್ಬ ಇಳಿದು ಒಂದೊಂದು ಚಪ್ಪಾಳೆ ತಟ್ಟಿದ್ರೆ?

ಅವನಿಗೆ ಒಪ್ಪಿಗೆಯಾಗಲಿಲ್ಲ. ಇಳಿಯಲೂ ಇಲ್ಲ, ಮಾತೂ ಆಡಲಿಲ್ಲ. ಎಂಟನೇ ಕ್ಲಾಸಿಂದ ಜೊತೆಗಿರೋ ಗೆಳೆಯ. ಆ ಒಂದು ಗಂಟೆ ಕಾರಿನೊಳಗೆ ಕೂರೋದು ನನಗೆ ಕಷ್ಟವಾಗಿತ್ತು. ಒಂದು ಫೋಟೋಗೋಸ್ಕರ ಹಕ್ಕಿ ಎಬ್ಬಿಸೋದಾ, ಒಂದು ಹಕ್ಕಿಗೋಸ್ಕರ ಗೆಳೆಯನನ್ನ ಕಳ್ಕೊಳ್ಳೋದಾ ಅಂತೆಲ್ಲ ಯೋಚನೆ ಬಂತು. ಆಮೇಲೆ ದೋಣಿಗಳು ಬಂದ್ವು, ಗಲ್‌ಗಳು ತಾವಾಗೇ ಎದ್ವು, ಇಬ್ಬರೂ ಕ್ಲಿಕ್ಕಿಸಿದ್ವಿ. ನನ್ನವು ಅರ್ಧಕ್ಕರ್ಧ ಫೋಕಸ್ ತಪ್ಪಿದವು, ಅವನದ್ದೊಂದು ನಿಜಕ್ಕೂ ಚೆನ್ನಾಗಿ ಬಂದಿದೆ.

ನನ್ನ ಮಟ್ಟಿಗೆ ಲೆಕ್ಕ ಸರಳ. ನಾವು ಬಂದು ಹೋದದ್ದು ಹಕ್ಕಿಗೆ ಗೊತ್ತೇ ಆಗಬಾರದು. ಅದು ತಲೆ ಎತ್ತಿ ನನ್ನನ್ನ ದಿಟ್ಟಿಸಿದ್ರೆ ನಾನು ಹತ್ತಿರ ಹೋಗಿದ್ದೀನಿ ಅಂತ ಅರ್ಥ. ತನ್ನ ಪಾಡಿಗೆ ರೆಕ್ಕೆ ಕೆದಕಿಕೊಳ್ತಾ ಇದ್ರೆ ಆ ಫೋಟೋ ನನಗೆ ದಕ್ಕಿದ ಹಾಗೆ.

ಮೊನ್ನೆ ಅವನೇ ಫೋನ್ ಮಾಡಿದ್ದ. "ಈ ಸಲ ಯಾವಾಗಲೋ? ಕೈ ತಟ್ಟಲ್ಲ, ಬೈಬೇಡ" ಅಂದ. ಅಕ್ಕಿ ಚೀಲ ಹೊಲಿದಿಟ್ಟಿದ್ದೀನಿ. ಭಾನುವಾರ ಮಧ್ಯಾಹ್ನ ವಾಪಸ್ ಹೊರಡೋ ಮುಂಚೆ ಎಂದಿನಂತೆ ಅದನ್ನೇ ಬಿಚ್ಚಿ ಗಂಜಿ ಮಾಡೋದು :)